ಅಕ್ಕನ ಜೊತೆ ಗದಗಿನಲ್ಲಿ ಮೂರು ದಿನ

"ಗದಗಿಗಾ? ಅಲ್ಲಿ ಏನಿದೆ ಅಂತ ಹೋಗ್ತೀರಿ?"

ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತ ನಿಂತಿದ್ದಾಗ ಪರಿಚಯದ ಒಬ್ಬಾಕೆ ನನ್ನನ್ನು ಕೇಳಿದ ಪ್ರಶ್ನೆ ಇದು. ಅವರನ್ನು ತಪ್ಪೆನ್ನುವ ಹಾಗಿಲ್ಲ. ನಾವು ಬೆಂಗಳೂರಿನವರು ಮಕ್ಕಳಿಗೆ ರಜ ಬಂತೆಂದರೆ ಮೈಸೂರು, ಊಟಿ, ಧರ್ಮಸ್ಥಳ ಎನ್ನುತ್ತೇವೆ. ಸ್ವಲ್ಪ ಹುರುಪಿದ್ದರೆ ಹಂಪಿ, ಬಾದಾಮಿ. ಹಂಪಿಯಿಂದ ಬಾದಾಮಿಗೆ ರೈಲಿನಲ್ಲಿ ಹೋಗುವಾಗ ನಡುವೆ ಗದಗ ಎಂಬ ದೊಡ್ಡ ಸ್ಟೇಷನ್ ಬರುತ್ತದೆ. ಅಲ್ಲಿ ಒಂದು ಕಪ್ಪು ಚಹ ಕುಡಿದು ಮುಂದಕ್ಕೆ ಹೋಗಿಬಿಡುತ್ತೇವೆ. ನಾನೂ ಹಾಗೆ ಎರಡು ಸಲ ಚಹ ಕುಡಿದು ಬಂದವಳೇ. ಊರೊಳಗೆ ಕಾಲಿಟ್ಟಿರಲಿಲ್ಲ.

ಈ ಸಲ ಇಳಿಯುವಂತೆ ಮಾಡಿದವಳು ನನ್ನ ದೊಡ್ಡಕ್ಕ. ಅವಳ ಮನೆ ಚಾಮರಾಜಪೇಟೆಯಲ್ಲಿ. ಭಾವ ತೀರಿಕೊಂಡು ಎರಡು ವರ್ಷವಾಯಿತು. ಮೊದಲ ವರ್ಷ ಹೇಗೋ ಕಳೆಯಿತು. ಆಮೇಲೆ ನಮ್ಮ ಬಂಧುಗಳ ಪೈಕಿ ಒಬ್ಬರ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಹೋಗಿದ್ದೆವು. ಅರಿಸಿನ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಹಿರಿಯರೊಬ್ಬರು ಅಕ್ಕನ ಹತ್ತಿರ ಬಗ್ಗಿ, "ಒಳಗೆ ಅಡಿಗೆಯವರ ಕಡೆ ಸ್ವಲ್ಪ ನೋಡ್ಕೋತೀಯೇನಮ್ಮಾ?" ಎಂದರು. ಅಕ್ಕ ಎದ್ದು ಒಳಗೆ ಹೋದಳು. ಅಂದಿನಿಂದ ಯಾರ ಮನೆ ಸಮಾರಂಭಕ್ಕೂ ಇಲ್ಲ. ಕರೆದರೆ ಮಂಡಿ ನೋವು ಎನ್ನುತ್ತಾಳೆ. ಗಮಕ ವಾಚನವೆಂದರೆ ಊಟ ಬಿಟ್ಟು ಹೋಗುತ್ತಿದ್ದವಳು ಅದನ್ನೂ ಬಿಟ್ಟಳು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಕುಮಾರವ್ಯಾಸನ ಪದ್ಯ ಕೇಳುವುದಕ್ಕೆ ಯಾರ ಕುಂಕುಮ ಬೇಕು, ನೀವೇ ಹೇಳಿ?

ಒಂದು ಸಂಜೆ ಅವಳ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, "ಅಕ್ಕಾ, ಗದುಗಿನ ಕಂಬ ನೋಡ್ಕೊಂಡು ಬರೋಣ್ವಾ?" ಎಂದೆ. ಅವಳು ತಲೆಯೆತ್ತಿದಳು. ಮಂಡಿ ನೋವಿನ ಮಾತು ಬರಲಿಲ್ಲ. ನಮ್ಮವರಿಗೆ ರಜ ಇರಲಿಲ್ಲ, ಇದ್ದರೂ ಬೇಡವೆನ್ನುತ್ತಿದ್ದೆನೋ ಏನೋ. ಮೂರು ದಿನಕ್ಕಾಗುವಷ್ಟು ಹುಳಿಯನ್ನದ ಗೊಜ್ಜು, ಚಟ್ನಿಪುಡಿ ಮಾಡಿಟ್ಟು, ಅಕ್ಕತಂಗಿಯರಿಬ್ಬರೇ ಹೊರಟೆವು.

ಹಂಪಿ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ಬಳ್ಳಾರಿ, ಹೊಸಪೇಟೆ ಕಡೆ ಇರುತ್ತೀರಿ. ಹೊಸಪೇಟೆಯಲ್ಲಿ ಅರ್ಧ ಡಬ್ಬಿ ಖಾಲಿಯಾಗುತ್ತದೆ, ಎಲ್ಲರೂ ಹಂಪಿಗೆ. ನೀವು ಕೂತೇ ಇರಿ. ಕೊಪ್ಪಳ ದಾಟಿದ ಮೇಲೆ ಕಿಟಕಿಯಿಂದಾಚೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಕಾಡಿಗೆಯ ಹಾಗೆ ಕಪ್ಪು. ನಾವು ಹೋದದ್ದು ಡಿಸೆಂಬರಿನಲ್ಲಿ, ಜೋಳದ ಹೊಲ ಕಣ್ಣು ಹಾಯುವವರೆಗೂ ಹಸಿರಾಗಿತ್ತು. ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ. ಆ ಬಿಸಿಲು ನಮ್ಮಂಥವರಿಗೆ ತಡೆಯುವುದಿಲ್ಲ.

ಗದಗ ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು, ಆಮೇಲೆ ಅದೇ ಒಂದು ಜಿಲ್ಲೆಯಾಯಿತು. ಗದಗ, ಬೆಟಗೇರಿ ಎರಡೂ ಜೋಡಿ ಊರುಗಳು, ಎರಡಕ್ಕೂ ಒಂದೇ ನಗರಸಭೆ. ಧೂಳು ಇದೆ, ಗದ್ದಲ ಇದೆ, ನಾವಿಳಿದ ಲಾಡ್ಜಿನಲ್ಲಿ ಬಿಸಿನೀರಿಗಾಗಿ ಎರಡು ದಿನವೂ ಜಗಳ ಕಾಯಬೇಕಾಯಿತು. ಅದೆಲ್ಲ ಬಿಡಿ, ಪ್ರವಾಸವೆಂದ ಮೇಲೆ ಇದ್ದದ್ದೇ.

ಸ್ನಾನ ಮುಗಿಸಿ ನೇರ ವೀರನಾರಾಯಣನ ಗುಡಿಗೆ ಹೋದೆವು. ಹೊಯ್ಸಳರ ವಿಷ್ಣುವರ್ಧನ ಸ್ಥಾಪಿಸಿದನೆಂದು ಪ್ರತೀತಿ. ಒಳಗೆ ಮಂಟಪದಲ್ಲಿ ಒಂದು ಕಂಬಕ್ಕೆ 'ಕುಮಾರವ್ಯಾಸನ ಕಂಬ' ಎಂದೇ ಹೆಸರು. ಕೋಳಿವಾಡದ ನಾರಣಪ್ಪ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು ಈ ಕಂಬಕ್ಕೆ ಒರಗಿ ಕೂತು ಭಾರತ ಹೇಳುತ್ತಿದ್ದನಂತೆ. ಬಟ್ಟೆ ಒಣಗುವವರೆಗೆ ಪದ್ಯ ಬರುತ್ತಿತ್ತು, ಒಣಗಿದರೆ ಆ ದಿನಕ್ಕೆ ಮುಗಿಯಿತು. ಹದಿನೈದನೆಯ ಶತಮಾನದ ಮಾತು. ಹೀಗೆ ದಿನಕ್ಕಿಷ್ಟರಂತೆ ಭಾಮಿನೀ ಷಟ್ಪದಿಯಲ್ಲಿ ಹತ್ತು ಪರ್ವಗಳಾದವು. ಅದರಿಂದಲೇ ಅದಕ್ಕೆ 'ಗದುಗಿನ ಭಾರತ' ಎಂದು ಹೆಸರಾಗಿ, ಊರಿನ ಹೆಸರು ಕಾಣದವರ ಕಿವಿಗೂ ಬಿತ್ತು.

ಕಂಬ ನೋಡಲು ಅಂಥದ್ದೇನೂ ಅಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅಕ್ಕ ಮಾತ್ರ ಅದರ ಬುಡದಲ್ಲಿ ಸೆರಗು ಹೊದ್ದು ಕೂತಳು. ಕಣ್ಣು ಮುಚ್ಚಿಕೊಂಡಳು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಅರ್ಚಕರು ಒಂದು ಸಲ ನೋಡಿ, ಏನೂ ಹೇಳದೆ ತಮ್ಮ ಕೆಲಸಕ್ಕೆ ಹೋದರು. ನಾನು ಪ್ರಾಕಾರದಲ್ಲಿ ಮೂರು ಸುತ್ತು ಹಾಕಿ ಬಂದರೂ ಅವಳು ಎದ್ದಿರಲಿಲ್ಲ.

ತ್ರಿಕೂಟೇಶ್ವರ ಅಲ್ಲೇ ಹತ್ತಿರದಲ್ಲಿದೆ. ಒಂದೇ ಪೀಠದ ಮೇಲೆ ಬ್ರಹ್ಮ ವಿಷ್ಣು ಮಹೇಶ್ವರರೆಂದು ಮೂರು ಲಿಂಗ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ನೋಡಲೇಬೇಕು. ಅಕ್ಕಸಾಲಿಗರು ಬಂಗಾರಕ್ಕೆ ಮಾಡುವ ಕುಸುರಿಯನ್ನು ಕಲ್ಲಿಗೆ ಮಾಡಿಟ್ಟಿದ್ದಾರೆ. ಒಳಗಿನ ವಿಗ್ರಹ ಮಾತ್ರ ಭಗ್ನವಾಗಿದೆ, ನೋಡಿದರೆ ಕರುಳು ಚುರುಕ್ಕೆನ್ನುತ್ತದೆ.

ಸಂಜೆಗೆ ವೀರೇಶ್ವರ ಪುಣ್ಯಾಶ್ರಮ. ಸಂಗೀತ ಗೊತ್ತಿಲ್ಲದವರೂ ಇಲ್ಲಿಗೆ ಹೋಗಿಬನ್ನಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದ ಜಾಗ. ಅವರ ನಂತರ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿರಲಿಲ್ಲ, ೨೦೧೦ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಭೀಮಸೇನ ಜೋಶಿ ೧೯೨೨ರಲ್ಲಿ ಹುಟ್ಟಿದ್ದೂ ಈ ಸೀಮೆಯಲ್ಲೇ. ನಾವು ಹೋದಾಗ ಒಂದು ಮೂಲೆಯಲ್ಲಿ ತಬಲಾ, ಇನ್ನೊಂದು ಮೂಲೆಯಲ್ಲಿ ಹಾರ್ಮೋನಿಯಂ. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಒಂದೇ ಸಾಲನ್ನು ಇಪ್ಪತ್ತು ಸಲ ಹೇಳುತ್ತಿದ್ದ, ಬೇಸರವೇ ಇಲ್ಲ. ನಮ್ಮ ಮನೆಯ ಮಕ್ಕಳನ್ನು ಎರಡು ಸಲ ಮಗ್ಗಿ ಹೇಳು ಎಂದರೆ ಮುಖ ಊದಿಸಿಕೊಳ್ಳುವುದು ನೆನಪಾಯಿತು.

ಎರಡನೆಯ ದಿನ ಲಕ್ಕುಂಡಿ. ಗದಗಿನಿಂದ ೧೨ ಕಿಲೋಮೀಟರು, ಬಸ್ಸಿಗೆ ಬರವಿಲ್ಲ. ಹಿಂದೆ ಇದು ಲೊಕ್ಕಿಗುಂಡಿ, ದೊಡ್ಡ ಪಟ್ಟಣ. ಇಲ್ಲಿನ ಟಂಕಸಾಲೆಯ ನಾಣ್ಯಕ್ಕೆ ಲೊಕ್ಕಿ ಗದ್ಯಾಣವೆಂದು ಹೆಸರಿತ್ತು. ಹೊಯ್ಸಳ ವೀರಬಲ್ಲಾಳ ೧೧೯೨ರ ಸುಮಾರಿಗೆ ಇಲ್ಲಿಂದಲೇ ಆಳಿದ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರ ಮಾತು. ಈಗ ಅದು ಹಳ್ಳಿ. ಗುಡಿಯ ಗೋಡೆಗೆ ಆತುಕೊಂಡೇ ಮನೆಗಳಿವೆ, ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ, ಪಕ್ಕದಲ್ಲಿ ಸಾವಿರ ವರ್ಷದ ಶಿಲ್ಪ.

ಕಾಶಿ ವಿಶ್ವನಾಥ ದೇವಾಲಯದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ, ಎರಡೂ ಒಂದೇ ಜಗಲಿಯ ಮೇಲೆ. ಬಾಗಿಲವಾಡದ ಕೆತ್ತನೆ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿ ಮುಸುಕಿನ ಬಾವಿ. ಬಾವಿ ಎಂದರೆ ನಮ್ಮ ಹಿತ್ತಲಿನ ಬಾವಿ ಎಂದುಕೊಂಡೀರಿ! ಮೂರು ಕಡೆ ಮೆಟ್ಟಿಲು ಇಳಿಯುತ್ತದೆ, ಮೆಟ್ಟಿಲ ನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ನೀರು ತರಲು ಬಂದ ಹೆಂಗಸರು ಕೊಡ ಇಳಿಸಿ ಎಷ್ಟು ಸುಖದುಃಖ ಹೇಳಿಕೊಂಡಿರಬಹುದು ಇಲ್ಲಿ.

ನಾನು ಕಾದಿದ್ದದ್ದು ಬ್ರಹ್ಮ ಜಿನಾಲಯಕ್ಕೆ. ಇದನ್ನು ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು. ಹೈಸ್ಕೂಲಿನಲ್ಲಿ ನೀವೂ ಓದಿರುತ್ತೀರಿ, ದಾನಚಿಂತಾಮಣಿ ಅತ್ತಿಮಬ್ಬೆ. ಪರೀಕ್ಷೆಗೆಂದು ಓದಿ ಮರೆತಿದ್ದೆ, ಹೊರಡುವ ಮುಂಚೆ ಪುಸ್ತಕ ಹುಡುಕಿ ಮತ್ತೆ ಓದಿಕೊಂಡಿದ್ದೆ. ಅದನ್ನೇ ಬಸದಿಯ ಜಗಲಿಯ ಮೇಲೆ ಕೂತು ಅಕ್ಕನಿಗೆ ಹೇಳಿದೆ.

ಚಾಲುಕ್ಯ ತೈಲಪನ ಕಾಲ. ಮಲ್ಲಪನ ಮಕ್ಕಳು ಅತ್ತಿಮಬ್ಬೆ, ಗುಂಡಮಬ್ಬೆ. ಅಕ್ಕತಂಗಿಯರಿಬ್ಬರನ್ನೂ ನಾಗದೇವನೆಂಬ ವೀರನಿಗೆ ಕೊಟ್ಟರು. ನಾಗದೇವ ಸತ್ತ. ತಂಗಿ ಗುಂಡಮಬ್ಬೆ ಗಂಡನ ಜೊತೆ ಚಿತೆಯೇರಿದಳು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನಿದ್ದ. ಅವಳು ಉಳಿದಳು. ಉಳಿದು ಮೂಲೆ ಸೇರಲಿಲ್ಲ. ಪೊನ್ನನ ಶಾಂತಿಪುರಾಣ ನಶಿಸಿ ಹೋಗಬಾರದೆಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಮನೆ ಇಲ್ಲದ ಕಾಲ ಎಂಬುದನ್ನು ನೆನಪಿಡಿ. ಒಂದೊಂದು ಗರಿಯನ್ನೂ ಕಂಠದಿಂದ ಗೀರಿ ಬರೆಯಬೇಕು, ಅಂಥ ಸಾವಿರ ಕಟ್ಟು! ಬಂಗಾರ, ರತ್ನಗಳಿಂದ ೧,೫೦೦ ಜಿನಬಿಂಬ ಮಾಡಿಸಿ ದಾನ ಕೊಟ್ಟಳು. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯ ಕೊಟ್ಟಳು, ಅವನು ೯೯೩ರಲ್ಲಿ ಅಜಿತಪುರಾಣ ಬರೆದು ಅವಳ ಹೆಸರನ್ನು ಉಳಿಸಿದ. ಉಕ್ಕಿ ಬಂದ ಗೋದಾವರಿಯೇ ಅವಳಿಗಾಗಿ ತಗ್ಗಿತು ಎಂಬ ಕಥೆಯೂ ಇದೆ. ಈ ಬಸದಿ ೧೦೦೭ರದ್ದು.

ಅಕ್ಕ ಕೇಳುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ, ಎದುರಿನ ಶಿಖರ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ರನ್ನ ಬರೆದದ್ದು ಎಷ್ಟರಲ್ಲಿ ಅಂದೆ?" ಎಂದಳು.

"೯೯೩."

"ಇದು?"

"೧೦೦೭."

ಬೆರಳು ಮಡಿಸಿದಳು. "ಹದಿನಾಲ್ಕು ವರ್ಷ. ಗಂಡ ಹೋಗಿದ್ದು ಅದಕ್ಕೂ ಮೊದಲೇ ಅಲ್ವಾ?"

"ಹೌದು, ಮೊದಲೇ."

"ಅಷ್ಟು ವರ್ಷ ಅವಳನ್ನ ಒಳಗೆ ಅಡಿಗೆ ನೋಡ್ಕೋ ಅಂತ ಯಾರೂ ಅನ್ನಲಿಲ್ಲ ಅಂತ ಕಾಣುತ್ತೆ" ಎಂದಳು ಅಕ್ಕ. ಎಂದು ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಗೃಹಪ್ರವೇಶದ ವಿಷಯ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಬಸದಿಯ ಕಲ್ಲನ್ನು ಮುಟ್ಟಿ ನೋಡಿ. ಬಾದಾಮಿ ಕಡೆಯ ಕೆಂಪು ಮರಳುಗಲ್ಲಿಗೆ ಬದಲು ಇಲ್ಲಿ ಬಳಪದ ಕಲ್ಲು ಬಂದಿದೆ. ಮೆದು ಕಲ್ಲಾದ್ದರಿಂದ ಉಳಿ ಹೇಳಿದ ಹಾಗೆ ಕೇಳುತ್ತದೆ. ಮುಂದೆ ಬೇಲೂರು ಹಳೇಬೀಡಿನಲ್ಲಿ ಕಾಣುವ ಕುಸುರಿಗೆ ಇಂಥ ಕಲ್ಲೇ ಆಧಾರ. ಒಳಗೆ ನಾಲ್ಕು ಮುಖದ ಬ್ರಹ್ಮ, ಪದ್ಮಾವತಿ ಎರಡೂ ವಿಗ್ರಹಗಳಿವೆ. ಊರಿನಲ್ಲಿ ಪುರಾತತ್ವ ಇಲಾಖೆಯವರ ಶಿಲ್ಪಸಂಗ್ರಹವೂ ಇದೆ.

ಮಧ್ಯಾಹ್ನ ಹಸಿವೆಂದರೆ ಹಸಿವು. ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. "ಎಲ್ಲಿಂದ ಬಂದೀರಿ ಅಕ್ಕಾರ?" ಎಂದು ಬಡಿಸುವಾಕೆ ಕೇಳಿದರು. ಬೆಂಗಳೂರು ಎಂದಾಗ, "ಅಯ್ಯ, ನಮ್ಮ ಗುಡಿ ನೋಡಾಕ ಅಷ್ಟು ದೂರದಿಂದ ಬಂದೀರೇನ್ರೀ?" ಎಂದು ಇನ್ನೊಂದು ರೊಟ್ಟಿ ಹಾಕಿದರು, ಬೇಡವೆಂದರೂ. ಸಂಜೆ ಗಿರ್ಮಿಟ್ ಕಲಿತದ್ದೂ ಅವರಿಂದಲೇ. ನಮ್ಮ ಕಡ್ಲೆಪುರಿಗೆ ಅವರು ಚುರುಮರಿ ಎನ್ನುತ್ತಾರೆ, ಈರುಳ್ಳಿಗೆ ಉಳ್ಳಾಗಡ್ಡಿ, ಹುರಿಗಡಲೆಗೆ ಪುಟಾಣಿ. ನಾಲ್ಕು ಜನಕ್ಕೆ ಎಂಟು ಬಟ್ಟಲು ಪುರಿ ತೆಗೆದುಕೊಳ್ಳಿ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಹಾಕಿ ಬಾಡಿಸಿ. ಅರಿಸಿನ, ಉಪ್ಪು, ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಒಂದು ಚೂರು ಬೆಲ್ಲ ಸೇರಿಸಿ, ಎಣ್ಣೆ ಬಿಡುವವರೆಗೆ ಕುದಿಸಿ ಇಳಿಸಿ. ಆರಿದ ಮೇಲೆ ಪುರಿಗೆ ಕಲಸಿ, ಕಾಲು ಬಟ್ಟಲು ಹುರಿಗಡಲೆ ಪುಡಿ ಉದುರಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿಸೊಪ್ಪು. ಕಲಸಿದ ಕೂಡಲೇ ತಿನ್ನಬೇಕು, ಇಟ್ಟರೆ ಮೆತ್ತಗಾಗುತ್ತದೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಗದಗಿನವರು ಅದನ್ನು ಗಿರ್ಮಿಟ್ ಎನ್ನುವುದಿಲ್ಲವಂತೆ.

ಮೂರನೆಯ ದಿನ ಒಂದು ಟ್ಯಾಕ್ಸಿ ಗೊತ್ತುಮಾಡಿದೆವು. ಮೊದಲು ಡಂಬಳ, ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಸುತ್ತು ಹಾಕುವಾಗ ಗೋಡೆ ಮಡಿಕೆ ಮಡಿಕೆಯಾಗಿ ಹೊರಳುತ್ತಾ ಹೋಗುತ್ತದೆ, ಸೀರೆಯ ನೆರಿಗೆ ಹಿಡಿದ ಹಾಗೆ. ಎದುರಿಗೆ ದೊಡ್ಡ ಬಸವಣ್ಣ. ನಮ್ಮ ಬಸವನಗುಡಿಯ ಬಸವನೇ ದೊಡ್ಡವನು ಎಂದು ಅಕ್ಕ, ಸೊಬಗಿನಲ್ಲಿ ಇವನೇ ಎಂದು ನಾನು, ದಾರಿಯುದ್ದಕ್ಕೂ ವಾದ ಮಾಡಿದೆವು. ಇದೇ ಡಂಬಳದಲ್ಲಿ ಒಂದು ಕಾಲಕ್ಕೆ ಬೌದ್ಧರ ತಾರಾದೇವಿಗೆ ಪೂಜೆ ನಡೆಯುತ್ತಿತ್ತೆಂದು ೧೦೯೫ರ ಶಾಸನ ಹೇಳುತ್ತದೆ.

ಅಲ್ಲಿಂದ ಲಕ್ಷ್ಮೇಶ್ವರ. ಹಳೆಯ ಹೆಸರು ಪುಲಿಗೆರೆ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪ ಮಹಾಕವಿ ರಸ್ತೆ ಎಂದು ಹೆಸರು, ಅಕ್ಕ ದಿನಾ ತರಕಾರಿಗೆ ಹೋಗುವ ದಾರಿ. ಆ ಪಂಪ ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ. ಅದಕ್ಕೂ ಹಿಂದೆ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದದ ಜೊತೆ ಪುಲಿಗೆರೆಯನ್ನೂ ಹೇಳಿದೆ. ಸೋಮೇಶ್ವರನ ಗುಡಿಯಲ್ಲಿ ಶಿವ ಪಾರ್ವತಿಯರು ನಂದಿಯ ಮೇಲೆ ಜೊತೆಯಾಗಿ ಕೂತಿದ್ದಾರೆ. ಊರಿಗೆ ಹೊರಟ ಗಂಡಹೆಂಡಿರ ಹಾಗೆ. ಅಕ್ಕ ಅಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ನಿಂತಳು. ನಾನು ಮಾತಾಡಿಸಲಿಲ್ಲ. ಹೊರಗೆ ಬಂದಾಗ ಬಾಗಿಲಲ್ಲಿ ಇಬ್ಬರು ಮುದುಕಿಯರು ಜಗಳವಾಡುತ್ತಿದ್ದರು. ಆ ಬೈಗಳಲ್ಲೂ ಎಂಥ ಗಟ್ಟಿ ಕನ್ನಡ ಅಂತೀರಿ!

ಗದಗಿಗೆ ಮರಳಿದಾಗ ಮೂರು ಗಂಟೆ ದಾಟಿತ್ತು. ಇಟಗಿಯ ಮಹಾದೇವ ದೇವಾಲಯ ನೋಡುವ ಆಸೆಯಿತ್ತು. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ ಅದಕ್ಕೆ ದೇವಾಲಯ ಚಕ್ರವರ್ತಿ ಎಂಬ ಬಿರುದು. ಅದು ಕೊಪ್ಪಳ ಜಿಲ್ಲೆಗೆ ಸೇರಿದೆ, ಕುಕನೂರಿನ ಹತ್ತಿರ. ಹೊತ್ತಾಯಿತೆಂದು ಬಿಟ್ಟೆವು. ಅದರ ಬದಲು ಬೆಟಗೇರಿಯ ನೇಕಾರರ ಓಣಿಗೆ ಹೋದೆವು.

ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಗಂಡ ಗುಂಡಿಯಲ್ಲಿ ಕಾಲು ಬಿಟ್ಟು ಕೂತು ಲಾಳಿ ಹೊಡೆಯುತ್ತಿದ್ದರು, ಹೆಂಡತಿ ಬಾಗಿಲ ಬೆಳಕಿನಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದರು. ನಾವು ಅಂಗಡಿಯಲ್ಲಿ ಸೀರೆ ಮಡಿಚಿಟ್ಟದ್ದನ್ನು ನೋಡಿ ಚೌಕಾಸಿ ಮಾಡುತ್ತೇವಲ್ಲ, ಅದರಲ್ಲಿ ಈ ಹೆಂಗಸಿನ ಕೈಕೆಲಸಕ್ಕೆ ಬೇರೆ ಕೂಲಿಯೆಂಬುದೇ ಇಲ್ಲ. ಮನೆಗೆಲಸದ ಹಾಗೆ ಅದೂ ಒಂದು. "ಮಕ್ಕಳು ಮಗ್ಗಕ್ಕ ಕುಂಡ್ರಂಗಿಲ್ರಿ, ಹುಬ್ಬಳ್ಳಿಗೆ ಹೋಗ್ಯಾರ" ಎಂದರು ಆಕೆ. ನಾನೊಂದು ಸೀರೆ ಕೊಂಡೆ, ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಹೊರಡುವಾಗ ಆಕೆ ಕುಂಕುಮದ ಭರಣಿ, ಎರಡು ಕುಬಸದ ಕಣ ತಂದರು. ನನಗೆ ಹಚ್ಚಿದರು. ಅಕ್ಕನ ಕಡೆ ತಿರುಗಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದು, "ನನಗೆ ಬೇಡಮ್ಮ, ನಾನು..." ಎಂದು ನಿಲ್ಲಿಸಿದಳು. ಆಕೆಗೆ ಅರ್ಥವಾಯಿತು. ಭರಣಿ ಕೆಳಗಿಟ್ಟರು.

"ಕುಂಕುಮ ಬ್ಯಾಡಂದ್ರ ಬಿಡ್ರಿ. ಕಣಕ್ಕೇನಾಗೇತಿ? ಮನಿಗೆ ಬಂದ ಹೆಣ್ಣಮಗಳನ್ನ ಬರಿಗೈಲೆ ಕಳಸಂಗಿಲ್ರಿ ನಾವು."

ಹಸಿರು ಕಣ, ಕೆಂಪು ಅಂಚು. ಅಕ್ಕ ಸೆರಗೊಡ್ಡಿ ತೆಗೆದುಕೊಂಡಳು. ರೈಲಿನಲ್ಲಿ ರಾತ್ರಿ ಅದನ್ನು ಬಿಚ್ಚಿ, ಅಂಚಿನ ಮೇಲೆ ಬೆರಳಾಡಿಸಿ, ಮತ್ತೆ ಮಡಿಚಿ ಚೀಲದಲ್ಲಿಟ್ಟಳು. ಹೊಲಿಸುತ್ತಾಳೋ ಇಲ್ಲವೋ ನಾನು ಕೇಳಿಲ್ಲ.

ನೀವು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಆಗ ಮಾಗಡಿ ಕೆರೆಗೆ, ನಮ್ಮ ಬೆಂಗಳೂರಿನ ಮಾಗಡಿಯಲ್ಲ, ಲಕ್ಷ್ಮೇಶ್ವರದ ದಾರಿಯದ್ದು, ಹಿಮಾಲಯದಾಚೆಯಿಂದ ಪಟ್ಟೆತಲೆಯ ಬಾತುಗಳು ಹಿಂಡು ಹಿಂಡಾಗಿ ಬಂದಿರುತ್ತವೆ. ಬೆಳಿಗ್ಗೆ ಬೇಗ ಹೋಗಬೇಕು. ಕಾಲಿಗೆ ಹಗುರವಾದ ಚಪ್ಪಲಿ, ಕುಡಿಯುವ ನೀರು, ತಲೆಗೆ ಕೊಡೆ ಇರಲಿ. ಹೆಂಗಸರಿಬ್ಬರೇ ಹೋಗಲು ಹೆದರಿಕೆಯೇ ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ: ಮೂರು ದಿನದಲ್ಲಿ ನಮ್ಮನ್ನು ಹೆದರಿಸಿದ್ದು ಆ ಮೆಣಸಿನಕಾಯಿ ಬಜ್ಜಿ ಒಂದೇ.

ಅಕ್ಕ ಮತ್ತೆ ಗಮಕಕ್ಕೆ ಹೋಗುತ್ತಿದ್ದಾಳೆ. ಹೋದ ವಾರ ಬಂದವಳು, "ಇಟಗಿ ಬಾಕಿ ಉಳಿದಿದೆಯಲ್ಲೇ, ಮುಂದಿನ ತಿಂಗಳು ಹೋಗಿಬರೋಣ" ಎಂದಳು. ಈ ಸಲ ಟಿಕೀಟು ಅವಳೇ ತೆಗೆಸಿದ್ದಾಳೆ.